ಆಗುಂಬೆಯ ದಾರಿಯಲ್ಲಿ ಒಂದು ದಿನ

ಶಿವಮೊಗ್ಗೆಯಲ್ಲಿ ಬಸ್ಸು ಹತ್ತಿ ಕುಳಿತರೆ ಮಧ್ಯಾಹ್ನದ ಊಟದ ವೇಳೆಗೆ ಉಡುಪಿಯಲ್ಲಿ ಇಳಿಯಬಹುದು. ಹೀಗಿರುವಾಗ ಅದೇ ದಾರಿಯನ್ನು ಬೈಸಿಕಲ್ಲಿನ ಮೇಲೆ ಬೆಳಗಿನಿಂದ ಬೈಗಿನವರೆಗೆ ತುಳಿಯತಕ್ಕ ಗ್ರಹಚಾರ ನಿಮಗೇಕೆ ಬಂದಿತೆಂದು ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ. ಮನೆಯವರು ಕೇಳಿದರು, ನೆರೆಯವರು ಕೇಳಿದರು, ದಾರಿಯಲ್ಲಿ ಕಾಫಿ ಕೊಟ್ಟ ಹೋಟೆಲಿನವರು ಕೇಳಿದರು. ಈ ಕೊನೆಯವರಂತೂ ನಮ್ಮ ಮುಖವನ್ನೂ ನಮ್ಮ ಗಾಡಿಗಳನ್ನೂ ನೋಡಿ, ಇವರು ಯಾವುದೋ ಹರಕೆ ಹೊತ್ತವರಿರಬೇಕೆಂದು ತಾವಾಗಿಯೇ ತೀರ್ಮಾನಿಸಿ, ಕಾಫಿಯ ಲೋಟವನ್ನು ಇನ್ನಷ್ಟು ತುಂಬಿಸಿಕೊಟ್ಟರು. ನಾವು ಆ ತಪ್ಪು ತಿಳಿವಳಿಕೆಯನ್ನು ತಿದ್ದಲು ಹೋಗಲಿಲ್ಲ.

ಹೋದ ವರ್ಷ ದಸರೆಯ ತರುವಾಯ ನಾವು 11 ಮಂದಿ ಬೆಂಗಳೂರಿನಿಂದ ಮಲ್ಪೆಯ ಕಡಲತೀರದವರೆಗೆ ಬೈಸಿಕಲ್ ಯಾತ್ರೆ ಹೊರಟಿದ್ದೆವು. ಮೂವರು ಹೆಂಗಸರು, ಎಂಟು ಮಂದಿ ಗಂಡಸರು. ಎಲ್ಲರಿಗಿಂತ ಕಿರಿಯವನಿಗೆ 24 ವರ್ಷ, ಹಿರಿಯರಿಗೆ 63. ಹಾಸಿಗೆ, ಬಟ್ಟೆ, ರಿಪೇರಿಯ ಸಾಮಾನುಗಳನ್ನು ಹೊತ್ತ ಸಣ್ಣ ಸರಕು ಗಾಡಿಯೊಂದು ನಮ್ಮ ಹಿಂದೆ ಬರುತ್ತಿದ್ದಿತು. ಹೊನ್ನಾವರಕ್ಕೆ ಹೋಗುವ ಹಳೆಯ ಹೆದ್ದಾರಿಯನ್ನು ಹಿಡಿದು ತಿಪಟೂರು, ತರೀಕೆರೆಗಳಲ್ಲಿ ರಾತ್ರಿ ಕಳೆದು, ಮೂರನೆಯ ದಿನ ಶಿವಮೊಗ್ಗೆಯನ್ನು ಸೇರಿದೆವು. ಆ ಮೂರು ದಿನಗಳ ಕಥೆಯಲ್ಲಿ ತೆಂಗಿನ ತೋಟಗಳೂ, ಎದುರುಗಾಳಿಯೂ, ಎರಡು ಪಂಕ್ಚರುಗಳೂ ಹೊರತಾಗಿ ವಾಚಕರಿಗೆ ಹೇಳುವಂತಹುದು ಹೆಚ್ಚೇನಿಲ್ಲ. ನಾವು ಹೇಳಬೇಕೆಂದಿರುವುದು ನಾಲ್ಕನೆಯ ದಿನದ ಮಾತನ್ನು.

ಹೊರಡುವ ಮುಂಚೆಯೇ ನಾವು ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೆವು. ದಾರಿ ಕವಲೊಡೆಯುವ ಕಡೆಗಳಲ್ಲೆಲ್ಲ ಮುಂದಿದ್ದವರು ನಿಂತು, ಹಿಂದಿನವರು ಬಂದ ಮೇಲೆಯೇ ಮುಂದುವರಿಯಬೇಕು. ದಿನಕ್ಕೊಬ್ಬರು ಸರದಿಯಂತೆ ಎಲ್ಲರಿಗಿಂತ ಕೊನೆಯಲ್ಲಿ ಬರಬೇಕು. ಅವರಿಗೆ ‘ಹಿಂಗಾವಲು’ ಎಂದು ಹೆಸರು. ದೀಪ ಹಚ್ಚುವ ಹೊತ್ತಾದ ಮೇಲೆ ಯಾರೂ ತುಳಿಯಕೂಡದು. ಯಾರಾದರೂ ದಣಿದು ಸರಕು ಗಾಡಿಯನ್ನು ಹತ್ತಿದರೆ ಅವರನ್ನು ಕಾರಣ ಕೇಳಕೂಡದು. ಈ ಕೊನೆಯದನ್ನು ಸೂಚಿಸಿದವರು ನಮ್ಮ ತಂಡದಲ್ಲಿದ್ದ ಆಸ್ಪತ್ರೆಯ ದಾದಿಯೊಬ್ಬರು. ಕಾರಣ ಹೇಳಬೇಕಾದೀತೆಂಬ ನಾಚಿಕೆಯಿಂದಲೇ ಜನ ಶಕ್ತಿ ಮೀರಿ ದುಡಿದು ಬೀಳುತ್ತಾರೆಂಬುದು ಅವರ ಅನುಭವ.

ತಂಡದ ಹಿರಿಯರು ನಿವೃತ್ತ ಗಣಿತದ ಉಪಾಧ್ಯಾಯರು. ಅವರನ್ನು ನಾವು ಮೇಷ್ಟರೆಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುವೆವು. ಉಳಿದವರ ಗಾಡಿಗಳೆಲ್ಲ ಹಗುರವಾದ ಲೋಹದವು, ಹತ್ತಿಪ್ಪತ್ತು ಗೇರುಗಳುಳ್ಳವು. ಮೇಷ್ಟರದು ಮಾತ್ರ ಉಕ್ಕಿನ ಕರಿಯ ಬೈಸಿಕಲ್ಲು, ಗೇರಿಲ್ಲ, ಬ್ರೇಕಿಗೆ ತಂತಿಯಿಲ್ಲ, ಕಬ್ಬಿಣದ ಸರಳು. ಅದರ ಮೇಲೆ ಅವರು 31 ವರ್ಷ ಶಾಲೆಗೆ ಹೋಗಿ ಬಂದಿದ್ದರು. ಬಾಡಿಗೆಗೆ ಒಂದು ಹೊಸ ಗಾಡಿ ತರಿಸುವೆವೆಂದು ನಾವು ಹೇಳಿದಾಗ, “ಇದಕ್ಕೆ ನನ್ನ ಕಾಲು ಗೊತ್ತು, ನನಗೆ ಇದರ ಮನಸ್ಸು ಗೊತ್ತು. ಈ ವಯಸ್ಸಿನಲ್ಲಿ ಹೊಸ ನೆಂಟಸ್ತಿಕೆ ಬೇಡ” ಎಂದುಬಿಟ್ಟರು. ಏರು ಬಂದಾಗ ಇಳಿದು ತಳ್ಳಿಕೊಂಡು ನಡೆಯುವರು. ಅವರ ನಡಿಗೆ ಚುರುಕು. ಆದರೂ ಪ್ರತಿಯೊಂದು ಏರಿನ ತಲೆಯಲ್ಲಿಯೂ ನಾವು ಹತ್ತು ನಿಮಿಷ ಕಾಯಬೇಕಾಗುತ್ತಿದ್ದಿತು.

ಅವರ ಮನೆಯಾಕೆ ಉಡುಪಿಯ ಕಡೆಯವರು. ಆಕೆ ತೀರಿಕೊಂಡು ಆಗ 11 ತಿಂಗಳಾಗಿದ್ದವು. ಮದುವೆಯಾದ ಹೊಸತರಲ್ಲಿ ಇಬ್ಬರೂ ಬಸ್ಸಿನಲ್ಲಿ ಆಗುಂಬೆಯ ಘಟ್ಟವನ್ನು ಇಳಿಯುವಾಗ, ಆಕೆ ಕಿಟಕಿಯಿಂದ ಹೊರಗೆ ನೋಡಿ, ನಿಮ್ಮ ಬೈಸಿಕಲ್ಲಿನ ಪ್ರತಾಪವನ್ನು ಇಲ್ಲಿ ತೋರಿಸಿರಿ ನೋಡೋಣ ಎಂದು ಹಾಸ್ಯ ಮಾಡಿದ್ದರಂತೆ. ಆ ಹಾಸ್ಯ ಮನೆಯಲ್ಲಿ ನಲವತ್ತು ವರ್ಷ ನಡೆದುಬಂದಿತು. ಆಕೆಯ ಅಕ್ಕ ಉಡುಪಿಯಲ್ಲಿದ್ದರು. ಅಕ್ಕನಿಗೆಂದು ಆಕೆ ತೆಗೆದಿರಿಸಿದ್ದ ಬೆಳ್ಳಿಯ ಕುಂಕುಮದ ಭರಣಿಯೊಂದನ್ನು ಮೇಷ್ಟರು ಟವಲಿನಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿಕೊಂಡಿದ್ದರು. ಸರಕು ಗಾಡಿಯಲ್ಲಿಡಲು ಒಪ್ಪಲಿಲ್ಲ. ಆ ಶನಿವಾರ ರಾತ್ರಿಯ ಊಟ ಅಕ್ಕನವರ ಮನೆಯಲ್ಲಿಯೇ ಎಂದು ಗೊತ್ತಾಗಿತ್ತು. ಹನ್ನೊಂದು ಎಲೆ ಹಾಕುವೆವೆಂದು ಅವರು ಮೂರು ಬಾರಿ ಫೋನು ಮಾಡಿ ಹೇಳಿದ್ದರು.

ಬೆಳಗ್ಗೆ ಐದೂವರೆಗೆ ಶಿವಮೊಗ್ಗೆಯನ್ನು ಬಿಟ್ಟೆವು. ಆ ಹೊತ್ತಿನಲ್ಲಿ ಹನ್ನೊಂದು ಬೈಸಿಕಲ್ಲುಗಳು ಸಾಲಾಗಿ ಹೋಗುವಾಗ ಕೇಳುವುದು ಸರಪಣಿಗಳ ಸಣ್ಣ ಸದ್ದು ಮಾತ್ರ; ಅದಕ್ಕೆ ಬೀದಿಯ ನಾಯಿಗಳೂ ಏಳುವುದಿಲ್ಲ. ಗಾಜನೂರಿನ ಅಣೆಕಟ್ಟಿನ ಬಳಿ ಬೆಳಕು ಹರಿಯಿತು. ಅಲ್ಲಿಂದ ಒಂದೆರಡು ಕಿಲೋಮೀಟರಿಗೆ ಸಕ್ರೆಬೈಲಿನ ಆನೆಯ ಬಿಡಾರ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರು ಬೆಳಗ್ಗೆ ಹುಡುಕಿ ಕರೆತರುವುದು ಅಲ್ಲಿಯ ಪದ್ಧತಿ. ನಾವು ಹೋಗುವ ಹೊತ್ತಿಗೆ ಒಂದು ಹೆಣ್ಣಾನೆ ಮಾವುತನನ್ನು ಹೊತ್ತು ಮಂಜಿನೊಳಗಿಂದ ರಸ್ತೆಗೆ ಬಂದು ನಿಂತು, ನಮ್ಮ ಸಾಲನ್ನು ಪೂರ್ತಿಯಾಗಿ ಹೋಗಲು ಬಿಟ್ಟು, ಆಮೇಲೆ ದಾಟಿತು. ಪೇಟೆಯ ರಸ್ತೆಗಳಲ್ಲಿ ಮೋಟಾರು ಓಡಿಸುವವರಿಂದ ಅಷ್ಟು ಮರ್ಯಾದೆಯನ್ನು ನಾವು ಕಂಡಿಲ್ಲ.

ಅಲ್ಲಿಂದ ಮುಂದಕ್ಕೆ ದಾರಿ ತುಂಗೆಯನ್ನು ಬಿಡುವುದಿಲ್ಲ. ಒಮ್ಮೆ ಮರಗಳ ಹಿಂದೆ ಸರಿಯುತ್ತಾಳೆ, ಒಮ್ಮೆ ರಸ್ತೆಯ ಅಂಚಿಗೇ ಬರುತ್ತಾಳೆ. ಆಕೆ ಎದುರಿನಿಂದ ಬರುವವಳು, ನಾವು ಎದುರಿಗೆ ಹೋಗುವವರು. ಬಸ್ಸಿನಲ್ಲಿ ಕುಳಿತವರಿಗೆ ಇದು ತೋರುವುದಿಲ್ಲ. ತುಳಿಯುವವರ ತೊಡೆಗಳಿಗೆ ತೋರುತ್ತದೆ. ಶಿವಮೊಗ್ಗೆ ಸಮುದ್ರಮಟ್ಟದಿಂದ ಸುಮಾರು 570 ಮೀಟರು ಎತ್ತರ. ಆಗುಂಬೆ ಸುಮಾರು 650. ಲೆಕ್ಕದಲ್ಲಿ ಏರಬೇಕಾದುದು 80 ಮೀಟರು ಮಾತ್ರ, ಒಂದು ಸಣ್ಣ ಗುಡ್ಡದಷ್ಟು. ಆದರೆ ಮಲೆನಾಡಿನ ರಸ್ತೆ ಲೆಕ್ಕದ ಪುಸ್ತಕವನ್ನು ಓದಿದುದಲ್ಲ. ಇಪ್ಪತ್ತು ಏರಿಸಿ ಹದಿನೈದು ಇಳಿಸುತ್ತದೆ. ಮತ್ತೆ ಮೂವತ್ತು ಏರಿಸಿ ಇಪ್ಪತ್ತೈದನ್ನು ಕಿತ್ತುಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಆ ಎಂಬತ್ತು ಮೀಟರನ್ನು ನಾವು ಹತ್ತಾರು ಬಾರಿ ಏರಿರುತ್ತೇವೆ. ಅಷ್ಟು ಏರಿದುದನ್ನೆಲ್ಲ ಆಗುಂಬೆಯ ಘಟ್ಟ 14 ತಿರುವುಗಳಲ್ಲಿ, ಹತ್ತು ಕಿಲೋಮೀಟರಿನೊಳಗೆ, ಬಡ್ಡಿಯ ಸಮೇತ ವಸೂಲು ಮಾಡಿ ನಮ್ಮನ್ನು ಕರಾವಳಿಯ ಮಟ್ಟಕ್ಕೆ ಇಳಿಸಿಬಿಡುತ್ತದೆ. ಸಹ್ಯಾದ್ರಿಯ ಕಟ್ಟಡವೇ ಹಾಗೆ: ಮೂಡಲ ಕಡೆಗೆ ಜಗುಲಿಯಂತೆ ಮೆಲ್ಲನೆ ಇಳಿಜಾರು, ಪಡುವಲ ಕಡೆಗೆ ಗೋಡೆ.

ನದಿಯ ಕಥೆಯೂ ಇದೇ. ಪಡುವಲ ಕಡಲಿಗೆ ಅಷ್ಟು ಸಮೀಪದಲ್ಲಿ ಹುಟ್ಟಿದ ತುಂಗೆ ಅತ್ತ ತಿರುಗಿಯೂ ನೋಡದೆ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯೊಳಗೆ ಸೇರಿ, ಮೂಡಲ ಕಡಲಿಗೆ ಹೋಗುತ್ತಾಳೆ. ನಾವಾದರೋ ಅವಳು ಬೇಡವೆಂದು ಬಿಟ್ಟ ಕಡಲನ್ನೇ ಹುಡುಕಿಕೊಂಡು ಹೊರಟವರು.

ಶಿವಮೊಗ್ಗೆಯಿಂದ 30 ಕಿಲೋಮೀಟರಿನಲ್ಲಿ ಮಂಡಗದ್ದೆ. ಅಲ್ಲಿ ಹೊಳೆಯ ನಡುವಿನ ಸಣ್ಣ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಹಾವಕ್ಕಿಗಳೂ ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ನಾವು ಹೋದುದು ಸಂಸಾರಗಳು ಚದುರುವ ಕಾಲ. ಬಹಳ ಗೂಡುಗಳು ಬರಿದಾಗಿದ್ದವು; ತಡವಾಗಿ ಹುಟ್ಟಿದ ಮರಿಗಳು ಅಲ್ಲಲ್ಲಿ ಕೊಂಬೆಯ ತುದಿಗೆ ಬಂದು, ರೆಕ್ಕೆ ಬಿಚ್ಚಿ, ಧೈರ್ಯ ಸಾಲದೆ ಮತ್ತೆ ಮಡಿಸಿಕೊಳ್ಳುತ್ತಿದ್ದವು. ದಡದಲ್ಲಿ ಕುಳಿತು ಬಾಳೆಯ ಹಣ್ಣು, ಕಡಲೆಮಿಠಾಯಿ ತಿಂದೆವು. ಹತ್ತು ನಿಮಿಷವೆಂದು ಕುಳಿತವರು ಮುಕ್ಕಾಲು ಗಂಟೆ ಕುಳಿತೆವು. ಮೇಷ್ಟರು ಒಂದೇ ಒಂದು ಮರಿಯನ್ನು ಗುರುತಿಟ್ಟುಕೊಂಡು, ಅದು ಹಾರುವ ತನಕ ಏಳಲಾರೆನೆಂದು ಹಟ ಹಿಡಿದರು. ಅದು ಹಾರಲಿಲ್ಲ. ದಾದಿಯವರು ಬಲವಂತವಾಗಿ ಎಬ್ಬಿಸಬೇಕಾಯಿತು.

ನಮ್ಮ ಕಿರಿಯ ಸಂಗಡಿಗನಿಗೆ ಈ ಮುಕ್ಕಾಲು ಗಂಟೆ ಹಿಡಿಸಲಿಲ್ಲ. ಆತನು ಗಣಕಯಂತ್ರದ ಕೆಲಸದವನು. ಒಳ್ಳೆಯ ಕಾಲಿನ ಹುಡುಗ. ಫ್ರಾನ್ಸ್ ದೇಶದಲ್ಲಿ ಹುಟ್ಟಿ ಈಗ ನಮ್ಮ ದೇಶದಲ್ಲಿಯೂ ನಡೆಯುತ್ತಿರುವ ‘ಬ್ರೆವೆ’ ಎಂಬ ದೂರದ ಸವಾರಿಗಳಲ್ಲಿ ಪಳಗಿದವನು. ಅಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಎಂದು ಗಡುವು. ಪಂದ್ಯವಲ್ಲ, ಮೊದಲ ಬಹುಮಾನವೂ ಇಲ್ಲ. ಗಡಿಯಾರದೊಡನೆ ಮಾತ್ರ ವ್ಯವಹಾರ. ಅದರಲ್ಲಿ ತಪ್ಪೇನೂ ನಮಗೆ ಕಾಣದು. ಆದರೆ ಅಂತಹ ಅಭ್ಯಾಸವುಳ್ಳವನಿಗೆ ಪ್ರತಿಯೊಂದು ಏರಿನ ತಲೆಯಲ್ಲಿ ಹತ್ತು ನಿಮಿಷ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಆತನ ಬೆರಳುಗಳು ಹ್ಯಾಂಡಲಿನ ಮೇಲೆ ತಾಳ ಹಾಕುತ್ತಿದ್ದುದರಿಂದಲೇ ತಿಳಿಯಬಹುದಾಗಿತ್ತು. ಅವನಿಗೆ ಭಾನುವಾರ ಬೆಳಗ್ಗೆಯೇ ಉಡುಪಿಯಿಂದ ಹಿಂತಿರುಗುವ ಬಸ್ಸಿಗೆ ಟಿಕೆಟು ಆಗಿತ್ತು.

ತೀರ್ಥಹಳ್ಳಿಯನ್ನು ಸೇರುವಾಗ ಹನ್ನೊಂದೂವರೆ. ಅರುವತ್ತು ಕಿಲೋಮೀಟರು ಹಿಂದೆ ಬಿದ್ದಿತ್ತು; ತೊಂಬತ್ತರ ಹತ್ತಿರ ಮುಂದಿತ್ತು. ಹೊಳೆಗೆ ಹೋಗಿ ಮುಖ ತೊಳೆದು ಊಟ ಮಾಡಿದೆವು. ಬೈಸಿಕಲ್ ತುಳಿದವರ ಹಸಿವು ಬೇರೆ ಜಾತಿಯದು. ಅನ್ನ ಬಡಿಸುತ್ತಿದ್ದ ಹುಡುಗನು ಕೊನೆಗೆ ಪಾತ್ರೆಯನ್ನೇ ನಮ್ಮ ನಡುವೆ ಇಟ್ಟು ಹೋದನು. ಊಟವಾದ ಮೇಲೆ ಮೇಷ್ಟರು ಜಗುಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ಅವರ ಎಡಮೊಣಕಾಲು ಊದಿದ್ದುದನ್ನು ಆಗ ಎಲ್ಲರೂ ಕಂಡೆವು.

ಆಗ ಪಿಸುಮಾತಿನ ಸಭೆ ನಡೆಯಿತು. ಕಿರಿಯನ ವಾದ ನೇರವಾಗಿತ್ತು. ಈ ವೇಗದಲ್ಲಿ ಹೋದರೆ ಘಟ್ಟದ ತಲೆಗೆ ಹೋಗುವಾಗಲೇ ಸಂಜೆಯಾಗುವುದು. ಕತ್ತಲಲ್ಲಿ ತುಳಿಯಕೂಡದೆಂಬ ನಿಯಮವನ್ನು ಮಾಡಿದವರು ನಾವೇ. ಮೇಷ್ಟರ ಗಾಡಿಯನ್ನು ಇಲ್ಲಿಂದ ಆಗುಂಬೆಯವರೆಗೆ ಸರಕಿನೊಡನೆ ಹಾಕಿದರೆ ಎಲ್ಲರೂ ಬೆಳಕಿನಲ್ಲಿಯೇ ಇಳಿದು ಹೊತ್ತಿಗೆ ಸರಿಯಾಗಿ ಊಟಕ್ಕೆ ಸೇರಬಹುದು. ಐದಾರು ಮಂದಿ ತಲೆದೂಗಿದರು. ವಾದದಲ್ಲಿ ಹುರುಳಿರಲಿಲ್ಲವೆಂದು ನಾವು ಹೇಳಲಾರೆವು. ಮಲಗಿದವರನ್ನು ಎಬ್ಬಿಸದೆ ಬೈಸಿಕಲ್ಲನ್ನು ಮೇಲಕ್ಕೆ ಎತ್ತಿಡುವುದೇ ಲೇಸೆಂದು ಒಬ್ಬರೆಂದರು. ಆಗ ದಾದಿಯವರು ಎದ್ದು ನಿಂತು, “ರೋಗಿ ನಿದ್ದೆ ಮಾಡುತ್ತಿದ್ದಾನೆಂದು ಅವನ ಸಹಿಯನ್ನು ನಾವು ಹಾಕುವುದಿಲ್ಲ. ಅವರನ್ನೇ ಕೇಳಿರಿ” ಎಂದರು.

ಕೇಳಬೇಕಾಗಲಿಲ್ಲ. ಮೇಷ್ಟರು ನಿದ್ದೆ ಮಾಡಿರಲಿಲ್ಲ. ಕಣ್ಣು ತೆರೆದು, ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದರು. ಆಗುಂಬೆಗೆ 32 ಕಿಲೋಮೀಟರು. ಗಂಟೆಗೆ 10ರಂತೆ, ನಡೆಯುವುದೂ ಸೇರಿ, 3 ಗಂಟೆ 12 ನಿಮಿಷ. ಹನ್ನೆರಡೂವರೆಗೆ ಹೊರಟರೆ 3 ಗಂಟೆ 42 ನಿಮಿಷಕ್ಕೆ ಘಟ್ಟದ ತಲೆ. ಇಳಿಯಲು ಒಂದು ಗಂಟೆ. ಸೂರ್ಯಾಸ್ತ ಆರರ ಮೇಲೆ. ಹೆಬ್ರಿಯನ್ನು ಬೆಳಕಿನಲ್ಲಿಯೇ ದಾಟಬಹುದು. ಕೊನೆಯ ತುಂಡಿಗೆ ಬೇಕಾದರೆ ಎಲ್ಲರೂ ಸರಕು ಗಾಡಿಯನ್ನು ಹತ್ತಲಿ. “ಎರಡೂವರೆಗೆ ನಾನು ಮೇಗರವಳ್ಳಿಯಲ್ಲಿ ಇಲ್ಲದೆ ಹೋದರೆ ಬಾಯಿ ಬಿಡದೆ ಗಾಡಿ ಹತ್ತುತ್ತೇನೆ” ಎಂದರು. ಚೀಟಿಯನ್ನು ಕಿರಿಯನ ಕೈಗೆ ಕೊಟ್ಟು, “ತಪ್ಪಿದ್ದರೆ ತಿದ್ದಪ್ಪ” ಎಂದರು. ಆತನು ನೋಡಿ, ತಪ್ಪಿಲ್ಲವೆಂದನು. ಅಂದಿನ ಹಿಂಗಾವಲು ತನ್ನ ಸರದಿಯಲ್ಲದಿದ್ದರೂ ತಾನೇ ಇರುವೆನೆಂದು ಸೇರಿಸಿದನು. ಲೆಕ್ಕವನ್ನು ಕಣ್ಣಾರೆ ಪರೀಕ್ಷಿಸಬೇಕೆಂಬ ಇಚ್ಛೆಯಿಂದಲೋ, ಬೇರೆ ಏತರಿಂದಲೋ, ನಾವು ಕೇಳಲಿಲ್ಲ.

ಕಮಾನಿನ ಸೇತುವೆಯ ಊರನ್ನು ಬಿಟ್ಟು ಹೊರಟ ಮೇಲೆ ಕಾಡು ದಟ್ಟವಾಗುತ್ತದೆ. ಅಡಕೆಯ ತೋಟ, ಗದ್ದೆಯ ಕೋಗು, ಮತ್ತೆ ಕಾಡು. ಈ ದಾರಿಗೆ ಬೈಸಿಕಲ್ಲಿನ ಚರಿತ್ರೆಯಲ್ಲಿ, ಅಲ್ಲದಿದ್ದರೂ ನಮ್ಮ ಸಾಹಿತ್ಯದಲ್ಲಿ, ಒಂದು ಸ್ಥಾನವುಂಟು. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲದ ಈ ಸೀಮೆಗೆ ಪಾದ್ರಿಯೊಬ್ಬನ ಮೂಲಕ ಬೈಸಿಕಲ್ಲು ಬರುತ್ತದೆ. ಹಳ್ಳಿಗರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗುತ್ತದೆ. ಮೂವತ್ತನೆಯ ಏರನ್ನು ತುಳಿಯುವಾಗ ಆ ಹೆಸರಿನ ಔಚಿತ್ಯ ನಮಗೆ ಚೆನ್ನಾಗಿ ಮನವರಿಕೆಯಾಯಿತು. ಬೀಸುವ ಕಲ್ಲನ್ನು ಕೈಯಲ್ಲಿ ತಿರುಗಿಸುವರು, ಇದನ್ನು ಕಾಲಲ್ಲಿ, ವ್ಯತ್ಯಾಸ ಅಷ್ಟೇ.

ಮೇಗರವಳ್ಳಿಯಲ್ಲಿ ನಾವು ಒಂಬತ್ತು ಮಂದಿ ಅಂಗಡಿಯ ಮುಂದೆ ಕುಳಿತು ರಸ್ತೆಯ ತಿರುವನ್ನೇ ನೋಡುತ್ತಿದ್ದೆವು. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಕರಿಯ ಬೈಸಿಕಲ್ಲು ಕಾಣಿಸಿತು. ಮೇಷ್ಟರು ತಳ್ಳುತ್ತಿರಲಿಲ್ಲ, ತುಳಿಯುತ್ತಿದ್ದರು. ಅವರ ಹಿಂದೆ ಎರಡು ಮಾರು ದೂರದಲ್ಲಿ, ತನ್ನ ಗೇರುಗಳಲ್ಲಿ ಅತಿ ಸಣ್ಣದಕ್ಕೆ ಇಳಿದು, ಬೀಳದಂತೆ ತೂಗಿಕೊಂಡು, ಕಿರಿಯನು ಬರುತ್ತಿದ್ದನು. ಅಷ್ಟು ನಿಧಾನವಾಗಿ ತುಳಿಯುವುದು ವೇಗವಾಗಿ ತುಳಿಯುವುದಕ್ಕಿಂತ ಕಷ್ಟವೆಂದು ಅವನು ಆಮೇಲೆ ಹೇಳಿದನು. ಇಬ್ಬರೂ ದಾರಿಯುದ್ದಕ್ಕೂ ಅವಿಭಾಜ್ಯ ಸಂಖ್ಯೆಗಳ ವಿಷಯ ಮಾತನಾಡಿಕೊಂಡು ಬಂದರಂತೆ.

ಮೇಷ್ಟರ ಲೆಕ್ಕದಲ್ಲಿ ಇಲ್ಲದಿದ್ದುದು ಮಳೆ ಒಂದೇ. ಅದೂ ಎಂತಹ ಊರಿನಲ್ಲಿ! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಮುಗಿಯಬೇಕಾದುದು. ಆದರೆ ಹಿಂಗಾರಿನ ಸಂಜೆಯ ಗುಡುಗು ಮಳೆಗೆ ಅಂತಹ ಶಿಸ್ತಿಲ್ಲ. ಊರು ಇನ್ನು ನಾಲ್ಕು ಕಿಲೋಮೀಟರು ಇರುವಾಗ ಕಾಡಿನ ಮೇಲ್ಗಡೆ ಒಂದು ಸದ್ದು ಕೇಳಿಸಿತು. ಲಾರಿ ಬಂದಿತೆಂದು ರಸ್ತೆಯ ಅಂಚಿಗೆ ಸರಿದೆವು. ಬಂದುದು ಮಳೆ. ಎಲೆಗಳ ಮೇಲೆ ಬೀಳುತ್ತ ನಮ್ಮತ್ತ ನಡೆದುಬರುವ ಅದರ ಸದ್ದು ಮೊದಲು, ಗಾಳಿ ಆಮೇಲೆ, ನೀರು ಕೊನೆಗೆ. ಐದು ನಿಮಿಷದಲ್ಲಿ ರಸ್ತೆಯೇ ಹಳ್ಳವಾಯಿತು. ನಾಲ್ಕು ಗಂಟೆಯ ಹೊತ್ತಿಗೆ ಆಗುಂಬೆಯ ಪೇಟೆಯಲ್ಲಿ ಸೂರು ಸಿಕ್ಕಿದಲ್ಲಿ ನಿಂತಿದ್ದೆವು. ಮಳೆಯಿಂದಾದ ತಡವನ್ನು ಬಿಟ್ಟರೆ ಮೇಷ್ಟರು ಗಣಿತದಲ್ಲಿ ತಪ್ಪಿರಲಿಲ್ಲ.

ಅರ್ಧ ಗಂಟೆಯ ಮೇಲೆ ಮಳೆ ಸಣ್ಣದಾಯಿತು, ಮಂಜು ಏರಿತು. ಸೂರ್ಯಾಸ್ತವನ್ನು ನೋಡಲು ಜನ ಬರುವ ಆ ಊರಿನಲ್ಲಿ ಎದುರಿನ ಅಂಗಡಿಯ ಫಲಕವೇ ಕಾಣುತ್ತಿರಲಿಲ್ಲ. ದಾದಿಯವರು ಒಂದು ಮಾತು ಹೇಳಿದರು: ಇಳಿಯುವ ವಿಚಾರವನ್ನು ಬಾಯಿಂದ ತೀರ್ಮಾನಿಸುವುದು ಬೇಡ, ಬ್ರೇಕುಗಳಿಂದ ತೀರ್ಮಾನಿಸೋಣ. ಊರ ಹೊರಗೆ ಒಂದು ಸಣ್ಣ ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಬಿಟ್ಟು ನೋಡಿದೆವು. ಬೈಸಿಕಲ್ಲಿನ ಬ್ರೇಕಿನ ವಿಷಯ ವಾಚಕರಲ್ಲಿ ತಿಳಿಯದವರಿದ್ದರೆ ಇಷ್ಟು ಹೇಳಬಹುದು. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಚಕ್ರದ ನಡುವಿನಲ್ಲಿ ಉಕ್ಕಿನ ಬಿಲ್ಲೆಯಿದ್ದು ಅದನ್ನು ಹಿಡಿಯುವ ಏರ್ಪಾಡಿರುತ್ತದೆ. ರಸ್ತೆಯ ನೀರು ಅಲ್ಲಿಗೆ ಅಷ್ಟಾಗಿ ಮುಟ್ಟದು. ಮಿಕ್ಕವು ಚಕ್ರದ ಅಂಚಿನ ಬಳೆಯನ್ನೇ ರಬ್ಬರಿನಿಂದ ಒತ್ತುವಂತಹವು. ಆ ಬಳೆ ಹಗುರ ಲೋಹದ್ದಾದರೆ ಒದ್ದೆಯಲ್ಲಿಯೂ ತಕ್ಕಮಟ್ಟಿಗೆ ಹಿಡಿಯುತ್ತದೆ. ಮೇಷ್ಟರ ಗಾಡಿಯಂತೆ ನುಣುಪಾದ ಉಕ್ಕಿನದಾದರೆ ಒದ್ದೆಯಾದಾಗ ರಬ್ಬರು ಎಣ್ಣೆ ಹಚ್ಚಿದಂತೆ ಜಾರುತ್ತದೆ. ಅವರು ಆ ಸಣ್ಣ ಇಳಿಜಾರಿನಲ್ಲಿ ಎರಡು ಸರಳುಗಳನ್ನೂ ಬಿಗಿಯಾಗಿ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಕಾಲನ್ನು ನೆಲಕ್ಕೆ ಊರಿ ನಿಲ್ಲಿಸಬೇಕಾಯಿತು. ಕಾಲು ಊರಿದುದು ಊದಿದ ಮೊಣಕಾಲಿನದೇ. ಅವರ ಮುಖ ಒಂದು ಕ್ಷಣ ಬೆಳ್ಳಗಾಯಿತು.

“ಸರಿ. ಇವತ್ತು ನಾನು ಇಳಿಯುವುದಿಲ್ಲ” ಎಂದರು. “ಗಾಡಿಯಲ್ಲಿಯೂ ಇಳಿಯುವುದಿಲ್ಲ. ನಾಳೆ ಒಣಗಿದ ಮೇಲೆ ಇಳಿಯುತ್ತೇನೆ. ಬ್ರೇಕು ಗಟ್ಟಿಯಾಗಿದ್ದವರು ಹೊರಡಿರಿ. ಹನ್ನೊಂದು ಎಲೆ ಹಾಕಿಕೊಂಡು ಅಲ್ಲೊಬ್ಬರು ಕಾಯುತ್ತಿದ್ದಾರೆ. ಒಂದೂ ತುಂಬದೆ ಹೋದರೆ ನಾನು ಆ ಮನೆಯಲ್ಲಿ ಮುಖ ತೋರಿಸುವಂತಿಲ್ಲ.”

ಗುಂಪು ಒಡೆಯಕೂಡದೆಂಬುದು ನಮ್ಮ ಎಲ್ಲ ನಿಯಮಗಳ ಬೇರು. ಅದನ್ನು ಮುರಿಯಬೇಕೆಂದು ಹೇಳಿದವರು ಯಾರ ಸಲುವಾಗಿ ಆ ನಿಯಮಗಳು ಹುಟ್ಟಿದ್ದವೋ ಅವರೇ. ಅರ್ಧ ಗಂಟೆ ಚರ್ಚೆ ಮಾಡಿದೆವು. ಅರ್ಧ ಗಂಟೆಯ ಬೆಳಕು ವ್ಯರ್ಥವಾಯಿತು. ಕೊನೆಗೆ ಬಿಲ್ಲೆಯ ಬ್ರೇಕುಳ್ಳ ನಾಲ್ವರು, ಕಿರಿಯನೂ ಸೇರಿ, ಇಳಿಯುವುದೆಂದೂ, ಸರಕು ಗಾಡಿ ದೀಪ ಹಾಕಿಕೊಂಡು ಅವರ ಬೆನ್ನಿಗೇ ಹೋಗುವುದೆಂದೂ, ಕತ್ತಲು ಕವಿದ ಕಡೆ ನಾಲ್ವರೂ ಬೈಸಿಕಲ್ಲುಗಳ ಸಹಿತ ಅದನ್ನು ಹತ್ತುವುದೆಂದೂ ಗೊತ್ತಾಯಿತು. ಉಳಿದ ಏಳು ಮಂದಿಗೆ ರಾತ್ರಿಗೆ ಬೇಕಾದ ಬಟ್ಟೆಗಳನ್ನು ಇಳಿಸಿಕೊಂಡೆವು. ಅಂದರೆ ಮರುದಿನ ನಮ್ಮ ಹಿಂದೆ ಯಾವ ಗಾಡಿಯೂ ಇಲ್ಲ. ಇದನ್ನು ಕೇಳಿ ಮೇಷ್ಟರಿಗೆ ಹಿಗ್ಗೇ ಆದಂತೆ ತೋರಿತು.

ಹೊರಡುವಾಗ ಅವರು ಕ್ಯಾರಿಯರಿನ ಹಗ್ಗವನ್ನು ಬಿಚ್ಚಿ, ಟವಲಿನ ಗಂಟನ್ನು ಕಿರಿಯನ ಕೈಯಲ್ಲಿಟ್ಟರು. ಏನೆಂದು ಆತನಿಗೆ ಗೊತ್ತಿತ್ತು. ಬೇಡ ಸಾರ್, ನಾಳೆ ನೀವೇ ಕೊಡಿರಿ ಎಂದನು. “ನಾಳೆ ನಾನು ಬಿದ್ದರೆ ಭರಣಿ ನಗ್ಗಿಹೋದೀತು. ನಿನ್ನ ಬ್ರೇಕು ಒಳ್ಳೆಯದು” ಎಂದರು ಮೇಷ್ಟರು. ಆತನು ಅದನ್ನು ಬೆನ್ನಿನ ಚೀಲದಲ್ಲಿಟ್ಟುಕೊಂಡು, ಚೀಲದ ಪಟ್ಟಿಯನ್ನು ಎದೆಯ ಮೇಲೆ ಬಿಗಿದು, ಮಂಜಿನೊಳಕ್ಕೆ ಹೋದನು. ನಾಲ್ಕು ಕೆಂಪು ದೀಪಗಳು ತುಸು ದೂರ ಕಂಡವು. ಮೊದಲ ತಿರುವಿನಲ್ಲಿ ಒಂದೊಂದಾಗಿ ಆರಿಹೋದವು.

ನಾವು ಏಳು ಮಂದಿಯೂ ಹಳೆಯ ದೊಡ್ಡ ಮನೆಯೊಂದರ ಜಗುಲಿಯಲ್ಲಿ ಆ ರಾತ್ರಿ ತಂಗಿದೆವು. ಶಂಕರನಾಗರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಈ ಊರಿನಲ್ಲಿ ಚಿತ್ರೀಕರಿಸಿದ್ದರು. 1986ರಲ್ಲಿ ಅದು ದೂರದರ್ಶನದಲ್ಲಿ ಬಂದಾಗಿನಿಂದ ಪರಸ್ಥಳದವರಿಗೆ ಜಾಗ ಕೊಡುವುದು ಇಲ್ಲಿಯವರಿಗೆ ರೂಢಿಯಾದಂತಿದೆ. ಮನೆಯವರು ಬಿಸಿ ಬಿಸಿ ಕಷಾಯ ಕೊಟ್ಟರು, ಗಂಜಿ ಕೊಟ್ಟರು, ಮೊಣಕಾಲಿಗೆ ಕಾಯಿಸಿದ ಕೊಬ್ಬರಿ ಎಣ್ಣೆ ಕೊಟ್ಟರು. ಏಳೂವರೆಯವರೆಗೆ ಯಾರೂ ಸರಿಯಾಗಿ ಮಾತನಾಡಲಿಲ್ಲ. ಎಲ್ಲರ ಕಿವಿ ಫೋನಿನ ಮೇಲೆ. ಅದಕ್ಕೂ ಆ ಮಳೆಯಲ್ಲಿ ಜೀವವಿರಲಿಲ್ಲ. ದಾದಿಯವರು ಎರಡು ಬಾರಿ ಎದ್ದು ಅಂಗಳದಂಚಿಗೆ ಹೋಗಿ ಬಂದರು. ಎಂಟರ ಸುಮಾರಿಗೆ ಒಂದೇ ಸಾಲಿನ ಸಂದೇಶ ಬಂದಿತು: ನಾಲ್ವರೂ ಕ್ಷೇಮ, ಹೆಬ್ರಿಯಲ್ಲಿ ಗಾಡಿ ಹತ್ತಿದೆವು, ಭರಣಿ ಒಡತಿಯ ಕೈ ಸೇರಿತು.

ಆಮೇಲೆ ಜಗುಲಿಗೆ ಬಾಯಿ ಬಂದಿತು. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸೀ ತರುಣರು ಬೈಸಿಕಲ್ಲುಗಳ ಮೇಲೆ ಜಗತ್ತನ್ನು ಸುತ್ತಲು ಹೊರಟರೆಂದೂ, 1928ರಲ್ಲಿ ಸುತ್ತು ಮುಗಿಸಿ ಹಿಂತಿರುಗಿದವರು ಅವರಲ್ಲಿ ಮೂವರೇ ಎಂದೂ ನಮ್ಮಲ್ಲೊಬ್ಬರು ನೆನಪಿಸಿದರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗರಾ ಎಂದು ಆ ಮೂವರ ಹೆಸರು. ಅವರು ಕ್ರಮಿಸಿದ ದೂರ 44,000 ಮೈಲಿ. “ಉಳಿದ ಮೂವರನ್ನು ದಾರಿಯಲ್ಲಿ ಬಿಟ್ಟಾಗ ಎಷ್ಟು ಹೊತ್ತು ಚರ್ಚೆ ಮಾಡಿದರೋ” ಎಂದರು ಮೇಷ್ಟರು. ನಾಲ್ವರನ್ನು ಕಳುಹಿಸಿದುದು ಸರಿಯೇ ಎಂಬ ವಿಷಯದಲ್ಲಿ ನಮ್ಮೊಳಗೆ ಆ ರಾತ್ರಿ ಒಮ್ಮತ ಬರಲಿಲ್ಲ, ಈಗಲೂ ಬಂದಿಲ್ಲ. ದಾದಿಯವರು ಒಂದೇ ಮಾತಿನಲ್ಲಿ ಅದು ತಪ್ಪೆನ್ನುತ್ತಾರೆ. ಮಳೆಯಲ್ಲಿ ಯಾರಾದರೂ ಬಿದ್ದಿದ್ದರೆ ನೀವೆಲ್ಲ ಏನೆನ್ನುತ್ತಿದ್ದಿರಿ ಎಂಬುದು ಅವರ ಪ್ರಶ್ನೆ. ನಮಗಾದರೋ ಆ ಮನೆಯಲ್ಲಿ ನಾಲ್ಕು ಎಲೆಯಾದರೂ ತುಂಬಿತಲ್ಲ ಎಂಬ ಸಮಾಧಾನವೇ ದೊಡ್ಡದೆನಿಸುತ್ತದೆ.

ಹಂಚಿನ ಮೇಲೆ ರಾತ್ರಿಯೆಲ್ಲ ಮಳೆ. ಮಾಡಿನ ಒಂದು ಕಡೆಯ ನೀರು ಮಾಲತಿಯ ಮೂಲಕ ತುಂಗೆಗೂ, ಇನ್ನೊಂದು ಕಡೆಯದು ಸೀತಾನದಿಯ ಮೂಲಕ ಪಡುಗಡಲಿಗೂ ಹೋಗುವುದೇನೋ ಎಂದು ಒಬ್ಬರೆಂದರು. ಒಂದು ಮನೆಯ ಮಾಡಿನಿಂದ ಎರಡು ಕಡಲಿಗೆ ನೀರು ಹಂಚುವುದು ಅತಿಶಯೋಕ್ತಿಯಾದೀತು. ಆದರೆ ಊರಿನ ಮಟ್ಟಿಗೆ ಆ ಮಾತು ಬಹುಮಟ್ಟಿಗೆ ನಿಜ.

ಬೆಳಗ್ಗೆ ಬಾನು ತೊಳೆದಂತಿತ್ತು. ರಸ್ತೆ ಒಣಗಲೆಂದು ಎಂಟರವರೆಗೆ ಕಾದೆವು. ಮೇಷ್ಟರು ಮೊದಲ ಐದು ತಿರುವುಗಳನ್ನು ನಡೆದೇ ಇಳಿದರು; ಆರನೆಯದರಲ್ಲಿ ಏರಿ ಕುಳಿತರು. ನಾವು ಮುಂದೆ ಮೂವರು, ಹಿಂದೆ ಮೂವರು. ಪ್ರತಿಯೊಂದು ತಿರುವಿನಲ್ಲಿಯೂ ನಿಂತು ಚಕ್ರದ ಬಳೆಯನ್ನು ಬಟ್ಟೆಯಿಂದ ಒರೆಸಿ, ಕೈಯಿಂದ ಮುಟ್ಟಿ ನೋಡಿ, ಮತ್ತೆ ಹೊರಡುತ್ತಿದ್ದರು. ಒಂದು ಕಡೆ ಬಸ್ಸೊಂದು ನಮ್ಮನ್ನು ದಾಟಿ ಇಳಿಯಿತು. ಕಿಟಕಿಯಲ್ಲಿ ಕುಳಿತಿದ್ದ ಹೆಂಗಸೊಬ್ಬರು ಕರಿಯ ಬೈಸಿಕಲ್ಲನ್ನೂ ಅದರ ಮೇಲಿದ್ದ ನರೆತಲೆಯವರನ್ನೂ ಕುತೂಹಲದಿಂದ ತಿರುಗಿ ನೋಡಿದರು. ಮೇಷ್ಟರು ಬೆಲ್ಲು ಹೊಡೆದರು. ಬ್ರೇಕನ್ನು ಹಿಡಿಯಬೇಕಾದ ಕೈಯಿಂದ ಬೆಲ್ಲು ಹೊಡೆದುದಕ್ಕೆ ದಾದಿಯವರಿಂದ ಬೈಸಿಕೊಂಡರು.

ಉಡುಪಿಯ ಮನೆಯನ್ನು ಮುಟ್ಟುವಾಗ ಒಂದು ಗಂಟೆ ಮೀರಿತ್ತು. ಹನ್ನೊಂದು ಎಲೆ ಮತ್ತೆ ಹಾಕಿದ್ದರು. ಹಿಂದಿನ ರಾತ್ರಿ ಬಂದ ನಾಲ್ವರಲ್ಲಿ ಮೂವರು ನಮಗಾಗಿ ಊಟ ಮಾಡದೆ ಕಾದಿದ್ದರು. ಕಿರಿಯನು ಬೆಳಗಿನ ಬಸ್ಸಿಗೆ ಹೋಗಿದ್ದನು. ಅವನ ಎಲೆಯನ್ನು ಎತ್ತಲು ಅಕ್ಕನವರು ಬಿಡಲಿಲ್ಲ. ಅದಕ್ಕೆ ಬಡಿಸಿ, ಹೋಳಿಗೆಗಳನ್ನು ಬಾಳೆಲೆಯಲ್ಲಿ ಕಟ್ಟಿ ಮೇಷ್ಟರ ಕೈಗೆ ಕೊಟ್ಟರು. ಅವರು ಅದನ್ನು ಅದೇ ಟವಲಿನಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿಕೊಂಡು, ಮಲ್ಪೆಗೆ ಇನ್ನು ಆರೇ ಕಿಲೋಮೀಟರಲ್ಲವೇ ಎಂದು ನಮ್ಮನ್ನು ಎಬ್ಬಿಸಿದರು.